ರಾಂಟ್ಜೆನ್ನನೂ ಕ್ಷ-ಕಿರಣದ ಬೆಲೆಯೂ

ಮಲೆನಾಡಿನಲ್ಲಿ ಅಡಿಕೆಯ ಕೊಯ್ಲು ಆರಂಭವಾಯಿತೆಂದರೆ ಶಿವಮೊಗ್ಗದ ಆಸ್ಪತ್ರೆಗಳಿಗೆ ಒಂದು ಬಗೆಯ ರೋಗಿಗಳು ಬರತೊಡಗುತ್ತಾರೆ. ಅವರು ಕೊನೆಗಾರರು. ಹಾವಸೆ ಕಟ್ಟಿದ ಮರದಿಂದ ಜಾರಿ ಬಿದ್ದು, ತೋಳನ್ನೋ ಸೊಂಟವನ್ನೋ ನೋಯಿಸಿಕೊಂಡು, ತೀರ್ಥಹಳ್ಳಿ, ಸಾಗರ, ಹೊಸನಗರಗಳ ಕಡೆಯಿಂದ ಯಾರದಾದರೂ ಹೆಗಲಿಗೆ ಒರಗಿ ಬಂದಿಳಿಯುತ್ತಾರೆ. ವೈದ್ಯರು ಮುಟ್ಟಿ ನೋಡಿ ಮೊದಲು ಬರೆದುಕೊಡುವುದು ಎಕ್ಸ್-ರೇ ಚೀಟಿಯನ್ನು. ಆ ಚೀಟಿಯನ್ನು ಕೈಯಲ್ಲಿ ಹಿಡಿದವನ ಬಾಯಿಂದ ಮೊದಲು ಹೊರಡುವ ಮಾತು, ಇದಕ್ಕೆ ಎಷ್ಟಾಗುತ್ತದೆ ಎಂಬುದೇ. ಮೂಳೆ ಮುರಿದಿದೆಯೇ ಇಲ್ಲವೇ ಎಂಬ ಪ್ರಶ್ನೆ ಅದರ ಹಿಂದೆ ನಿಂತಿರುತ್ತದೆ.

ಈ ಎಷ್ಟಾಗುತ್ತದೆ ಎಂಬ ಪ್ರಶ್ನೆಯ ಬೆನ್ನು ಹತ್ತಿ ಹೋದ ನನಗೆ ಅದು ಜರ್ಮನಿಯ ಒಬ್ಬ ಪ್ರೊಫೆಸರನ ಜೀವನಚರಿತ್ರೆಯನ್ನು ತೆರೆದು ತೋರಿಸಿತು. ನಾನು ವಿಜ್ಞಾನದ ಅಧ್ಯಾಪಕನಲ್ಲ, ಚರಿತ್ರೆಯನ್ನು ಪಾಠ ಹೇಳುವವನು. ಆದರೆ ಒಂದು ವಸ್ತುವಿನ ಬೆಲೆಯನ್ನು ತಿಳಿಯಬೇಕಾದರೆ ಅದು ಎಲ್ಲಿಂದ ಬಂತು, ಯಾರ ಕೈಯಿಂದ ಯಾರ ಕೈಗೆ ದಾಟಿತು ಎಂಬುದನ್ನು ತಿಳಿಯಬೇಕಷ್ಟೆ. ಅದು ಚರಿತ್ರೆಯವನ ಕೆಲಸವೇ. ಆದುದರಿಂದ ಕ್ಷ-ಕಿರಣವನ್ನು ಲೋಕಕ್ಕೆ ಕೊಟ್ಟ ವಿಲ್ಹೆಲ್ಮ್ ಕಾನ್‌ರಾಡ್ ರಾಂಟ್ಜೆನ್ನನ ಕಥೆಯನ್ನು ನಮ್ಮ ವಿದ್ಯಾರ್ಥಿ ಮಿತ್ರರ ಮುಂದೆ ಇಡಲು ಮನಸ್ಸು ಮಾಡಿದ್ದೇನೆ.

ರಾಂಟ್ಜೆನ್ 1845ನೆಯ ಇಸವಿ ಮಾರ್ಚ್ 27ರಂದು ಜರ್ಮನಿಯ ರೈನ್ ಸೀಮೆಯ ಲೆನೆಪ್ ಎಂಬ ಊರಿನಲ್ಲಿ ಹುಟ್ಟಿದನು. ತಂದೆ ಬಟ್ಟೆಯ ವ್ಯಾಪಾರಿ. ತಾಯಿ ಹಾಲೆಂಡಿನ ಕಡೆಯವಳು. ದಂಪತಿಗಳಿಗೆ ಇವನೊಬ್ಬನೇ ಮಗ. ಮಗುವಿಗೆ ಮೂರು ವರ್ಷವಾದಾಗ ಸಂಸಾರವು ಹಾಲೆಂಡಿನ ಆಪೆಲ್‌ಡೋರ್ನ್ ಎಂಬ ಊರಿಗೆ ಬಂದು ನೆಲೆಸಿತು. ಬಾಲಕನು ಓದಿನಲ್ಲಿ ಅಸಾಧಾರಣನೆಂದು ಯಾರೂ ಹೇಳಿದಂತಿಲ್ಲ. ಕಾಡುಮೇಡು ಅಲೆಯುವುದು, ಕೈಯಿಂದ ಏನಾದರೊಂದು ಯಂತ್ರವನ್ನು ಜೋಡಿಸುವುದು, ಇವೆರಡರಲ್ಲಿ ಅವನಿಗೆ ಆಸೆ ಹೆಚ್ಚು.

ಮುಂದೆ ಯುಟ್ರೆಕ್ಟ್ ನಗರದ ತಾಂತ್ರಿಕ ಶಾಲೆಗೆ ಸೇರಿದನು. ಅಲ್ಲಿ ನಡೆದ ಒಂದು ಸಂಗತಿ ಅವನ ಬಾಳನ್ನೇ ತಿರುಗಿಸಿತು. ತರಗತಿಯಲ್ಲಿ ಯಾರೋ ಒಬ್ಬ ಹುಡುಗನು ಒಬ್ಬ ಉಪಾಧ್ಯಾಯರ ವಿಕಟಚಿತ್ರವನ್ನು ಬರೆದನು. ಬರೆದವನು ರಾಂಟ್ಜೆನ್ ಅಲ್ಲ. ಆದರೆ ಬರೆದವನಾರೆಂಬುದು ಅವನಿಗೆ ಗೊತ್ತಿತ್ತು. ಹೆಸರು ಹೇಳೆಂದು ಹಿರಿಯರು ಒತ್ತಾಯಿಸಿದರು, ಅವನು ಹೇಳಲಿಲ್ಲ. ಗೆಳೆಯನನ್ನು ಹಿಡಿದುಕೊಡಲೊಲ್ಲದ ತಪ್ಪಿಗಾಗಿ ಅವನನ್ನು ಶಾಲೆಯಿಂದ ಹೊರಹಾಕಿದರು. ಅದರೊಂದಿಗೆ ವಿಶ್ವವಿದ್ಯಾನಿಲಯವನ್ನು ಸೇರಲು ಬೇಕಾದ ಪ್ರಮಾಣಪತ್ರವೂ ಕೈತಪ್ಪಿಹೋಯಿತು.

ಸ್ವಿಟ್ಜರ್ಲೆಂಡಿನ ಜೂರಿಚ್ ನಗರದಲ್ಲಿದ್ದ ಪಾಲಿಟೆಕ್ನಿಕ್ ಸಂಸ್ಥೆಯು ಅಂತಹ ಪ್ರಮಾಣಪತ್ರವಿಲ್ಲದವರಿಗೂ ಬಾಗಿಲು ತೆರೆದಿತ್ತು. 1865ರಲ್ಲಿ ರಾಂಟ್ಜೆನ್ ಅಲ್ಲಿ ಯಂತ್ರಶಿಲ್ಪವನ್ನು ಕಲಿಯಲು ಸೇರಿ, 1868ರಲ್ಲಿ ಎಂಜಿನಿಯರನಾದನು. ಮರುವರ್ಷವೇ ಜೂರಿಚ್ ವಿಶ್ವವಿದ್ಯಾನಿಲಯದಿಂದ ಡಾಕ್ಟರೇಟ್ ಪದವಿ ದೊರೆಯಿತು. ಅಲ್ಲಿನ ಭೌತವಿಜ್ಞಾನದ ಪ್ರೊಫೆಸರ್ ಆಗಸ್ಟ್ ಕುಂಟ್ ಎಂಬುವನು ಈ ಯುವಕನ ಕೈಚಳಕವನ್ನು ಕಂಡು ತನ್ನ ಸಹಾಯಕನನ್ನಾಗಿ ಮಾಡಿಕೊಂಡನು. ಅದೇ ಊರಿನಲ್ಲಿ ಒಂದು ಊಟದ ಛತ್ರವನ್ನು ನಡೆಸುತ್ತಿದ್ದ ಸಂಸಾರದ ಹೆಣ್ಣುಮಗಳು ಅನ್ನಾ ಬರ್ತಾ ಅವನ ಮನಸ್ಸನ್ನು ಗೆದ್ದಳು. ಅವಳು ಅವನಿಗಿಂತ ಆರು ವರ್ಷ ದೊಡ್ಡವಳು. 1872ರಲ್ಲಿ ಇಬ್ಬರಿಗೂ ಮದುವೆಯಾಯಿತು. ಸ್ವಂತ ಮಕ್ಕಳಾಗಲಿಲ್ಲ. ಬರ್ತಾಳ ಅಣ್ಣನ ಮಗಳನ್ನು ತಂದು ತಮ್ಮ ಮಗಳಂತೆ ಸಾಕಿದರು.

ಕುಂಟನು ವುರ್ಟ್ಸ್‌ಬರ್ಗ್ ವಿಶ್ವವಿದ್ಯಾನಿಲಯಕ್ಕೆ ಹೋದಾಗ ಶಿಷ್ಯನೂ ಹಿಂದೆಯೇ ಹೋದನು. ಅಲ್ಲಿ ಅಧ್ಯಾಪಕನಾಗುವ ಅರ್ಹತೆಯನ್ನು ಕೇಳಿದಾಗ ಶಾಲೆಯ ಆ ಹಳೆಯ ಪ್ರಮಾಣಪತ್ರವಿಲ್ಲವೆಂಬ ಕಾರಣದಿಂದ ವಿಶ್ವವಿದ್ಯಾನಿಲಯದವರು ನಿರಾಕರಿಸಿದರು. ಸ್ಟ್ರಾಸ್‌ಬರ್ಗಿನಲ್ಲಿ 1874ರಲ್ಲಿ ಆ ಅರ್ಹತೆ ದೊರೆಯಿತು. ಆಮೇಲೆ ಹೋಹೆನ್‌ಹೈಮ್, ಮತ್ತೆ ಸ್ಟ್ರಾಸ್‌ಬರ್ಗ್, 1879ರಿಂದ ಗೀಸನ್, ಹೀಗೆ ಊರೂರು ತಿರುಗಿ 1888ರಲ್ಲಿ ಅದೇ ವುರ್ಟ್ಸ್‌ಬರ್ಗಿಗೆ ಭೌತವಿಜ್ಞಾನದ ಪ್ರೊಫೆಸರನಾಗಿ ಮರಳಿದನು. 1894ರಲ್ಲಿ ಆ ವಿಶ್ವವಿದ್ಯಾನಿಲಯದ ಮುಖ್ಯಸ್ಥನೂ ಆದನು. ಒಂದು ಕಾಗದವಿಲ್ಲವೆಂದು ಯಾರನ್ನು ಬಾಗಿಲಲ್ಲಿ ತಡೆದರೋ ಅವನನ್ನೇ ಕರೆದು ಪೀಠದಲ್ಲಿ ಕೂರಿಸಿದರು. ಪರೀಕ್ಷೆಯ ಅಂಕಪಟ್ಟಿಯನ್ನು ಕಂಡು ಎದೆಗುಂದುವ ನಮ್ಮ ಹುಡುಗರು ಈ ಸಂಗತಿಯನ್ನು ಮನಸ್ಸಿನಲ್ಲಿಡುವುದು ಒಳ್ಳೆಯದು.

ರಾಂಟ್ಜೆನ್ ಒಬ್ಬನೇ ಕೆಲಸ ಮಾಡುವ ಸ್ವಭಾವದವನು. ಉಪಕರಣಗಳನ್ನು ಆದಷ್ಟು ಮಟ್ಟಿಗೆ ತನ್ನ ಕೈಯಿಂದಲೇ ಮಾಡಿಕೊಳ್ಳುತ್ತಿದ್ದನು. ತರಗತಿಯಲ್ಲಿ ದನಿ ಮೆಲ್ಲಗೆ. ಸಭೆಗಳಲ್ಲಿ ಮಾತು ಕಡಿಮೆ. ಬಿಡುವು ಸಿಕ್ಕಿದರೆ ಬೇಟೆ, ಇಲ್ಲವೆ ಆಲ್ಪ್ಸ್ ಬೆಟ್ಟಗಳ ಚಾರಣ. ಐವತ್ತರ ವಯಸ್ಸಿಗೆ ಅವನು ಗೌರವಸ್ಥನಾದ, ಆದರೆ ಲೋಕಕ್ಕೆ ಹೆಸರು ಗೊತ್ತಿಲ್ಲದ ಒಬ್ಬ ಪ್ರೊಫೆಸರನಾಗಿದ್ದನು.

1895ರ ನವೆಂಬರ್ 8, ಶುಕ್ರವಾರದ ಸಂಜೆ. ಗಾಳಿಯನ್ನು ತೆಗೆದ ಗಾಜಿನ ಕೊಳವೆಯೊಳಗೆ ವಿದ್ಯುತ್ತನ್ನು ಹಾಯಿಸಿದರೆ ಏನೇನಾಗುತ್ತದೆ ಎಂಬ ವಿಷಯವನ್ನು ಆ ಕಾಲದ ಅನೇಕರು ಪರಿಶೀಲಿಸುತ್ತಿದ್ದರು. ರಾಂಟ್ಜೆನ್ನನೂ ಅದನ್ನೇ ಮಾಡುತ್ತಿದ್ದನು. ಕೊಳವೆಯ ಬೆಳಕು ಹೊರಬೀಳದಂತೆ ಕಪ್ಪು ರಟ್ಟಿನಿಂದ ಮುಚ್ಚಿ, ಕೋಣೆಯನ್ನು ಕತ್ತಲೆ ಮಾಡಿ, ವಿದ್ಯುತ್ತನ್ನು ಹರಿಯಬಿಟ್ಟನು. ಸ್ವಲ್ಪ ದೂರದಲ್ಲಿ ಒಂದು ರಾಸಾಯನಿಕವನ್ನು ಬಳಿದ ಪರದೆಯಿತ್ತು. ಅದು ಕತ್ತಲೆಯಲ್ಲಿ ಮಿನುಗಿತು. ವಿದ್ಯುತ್ತನ್ನು ನಿಲ್ಲಿಸಿದರೆ ಮಿನುಗು ನಿಂತಿತು. ಹರಿಸಿದರೆ ಮತ್ತೆ ಬಂದಿತು. ರಟ್ಟನ್ನು ದಾಟಿ, ಗಾಳಿಯನ್ನು ದಾಟಿ, ಕಣ್ಣಿಗೆ ಕಾಣದ ಯಾವುದೋ ಒಂದು ಅಲ್ಲಿಗೆ ಹೋಗಿ ಮುಟ್ಟುತ್ತಿತ್ತು.

ಅಂತಹ ಕೊಳವೆಗಳು ಆಗ ಯೂರೋಪಿನ ಎಷ್ಟೋ ಪ್ರಯೋಗಶಾಲೆಗಳಲ್ಲಿ ಇದ್ದವು. ರಾಂಟ್ಜೆನ್ನನ ಹಿರಿಮೆಯಿರುವುದು ಕಂಡದ್ದನ್ನು ಬಿಡದೆ ಹಿಡಿದುದರಲ್ಲಿ. ಮುಂದಿನ ಏಳು ವಾರ ಅವನು ಯಾರೊಡನೆಯೂ ವಿಷಯವನ್ನು ಬಿಚ್ಚಲಿಲ್ಲ. ಊಟವನ್ನು ಪ್ರಯೋಗಶಾಲೆಗೇ ತರಿಸಿಕೊಂಡನು. ಹಾಸಿಗೆಯನ್ನೂ ಅಲ್ಲಿಗೇ ಒಯ್ದನು. ಪುಸ್ತಕ, ಮರದ ಹಲಗೆ, ತಗಡು, ಒಂದೊಂದನ್ನೂ ಅಡ್ಡವಿಟ್ಟು ನೋಡಿದನು. ಸೀಸವೊಂದು ಮಾತ್ರ ಆ ಕಿರಣವನ್ನು ಚೆನ್ನಾಗಿ ತಡೆಯಿತು. ತನ್ನ ಕೈಯನ್ನೇ ಅಡ್ಡ ಹಿಡಿದಾಗ ಮಾಂಸದ ಮಸುಕಿನ ನಡುವೆ ಮೂಳೆಯ ಕಪ್ಪು ನೆರಳು ಕಂಡಿತು. ತನ್ನ ಬೇಟೆಯ ಕೋವಿಯ ಚಿತ್ರವನ್ನು ತೆಗೆದಾಗ ಲೋಹದೊಳಗಿದ್ದ ಒಂದು ದೋಷವೂ ಅದರಲ್ಲಿ ಮೂಡಿತು. ಉಕ್ಕಿನ ಊರಾದ ಭದ್ರಾವತಿಯವರಿಗೆ ಇದು ಸ್ವಾರಸ್ಯದ ಮಾತು. ಎರಕದೊಳಗಿನ ಬಿರುಕನ್ನು ಒಡೆಯದೆಯೇ ಕಂಡುಹಿಡಿಯುವ ವಿದ್ಯೆಯ ಮೊಳಕೆ ಆ ಕೋವಿಯ ಚಿತ್ರದಲ್ಲಿದೆ.

ಡಿಸೆಂಬರ್ 22ರಂದು ಹೆಂಡತಿಯನ್ನು ಪ್ರಯೋಗಶಾಲೆಗೆ ಕರೆದು ಅವಳ ಕೈಯನ್ನು ಫಲಕದ ಮೇಲೆ ಇರಿಸಿದನು. ಸುಮಾರು ಕಾಲು ಗಂಟೆ ಅವಳು ಅಲುಗದೆ ಕುಳಿತಳು. ಬೆರಳಿನ ಮೂಳೆಗಳೂ ಅವುಗಳಲ್ಲೊಂದರ ಸುತ್ತ ತೇಲುವಂತಿದ್ದ ಉಂಗುರವೂ ಚಿತ್ರದಲ್ಲಿ ಮೂಡಿದವು. ತನ್ನ ಅಸ್ಥಿಯನ್ನು ತಾನೇ ಕಂಡ ಆ ಹೆಂಗಸು ಸಾವನ್ನೇ ಕಂಡಂತೆ ನಡುಗಿದಳೆಂದು ಹೇಳುತ್ತಾರೆ. ಡಿಸೆಂಬರ್ 28ರಂದು ತನ್ನ ಶೋಧದ ಲೇಖನವನ್ನು ರಾಂಟ್ಜೆನ್ ವುರ್ಟ್ಸ್‌ಬರ್ಗಿನ ವಿದ್ವತ್ಸಂಘಕ್ಕೆ ಒಪ್ಪಿಸಿದನು. ಕಿರಣದ ಸ್ವರೂಪ ಗೊತ್ತಿಲ್ಲದುದರಿಂದ, ಬೀಜಗಣಿತದಲ್ಲಿ ಗೊತ್ತಿಲ್ಲದುದಕ್ಕೆ ಇಡುವ ಎಕ್ಸ್ ಎಂಬ ಅಕ್ಷರವನ್ನೇ ಅದಕ್ಕೆ ಹೆಸರಾಗಿ ಇಟ್ಟನು. ನಮ್ಮ ಕನ್ನಡದವರು ಅದನ್ನು ಕ್ಷ-ಕಿರಣವೆಂದು ಕರೆದರು.

ಹೊಸ ವರ್ಷದ ದಿನ ಅವನು ಕೆಲವು ಮಿತ್ರರಿಗೆ ಚಿತ್ರಗಳನ್ನು ಕಳುಹಿಸಿದನು. ವಾರದೊಳಗೆ ಸುದ್ದಿಯು ವಿಯೆನ್ನಾದ ಪತ್ರಿಕೆಯಲ್ಲಿ ಬಂದು ಲೋಕವೆಲ್ಲ ಹರಡಿತು. 1896ರ ಜನವರಿ 13ರಂದು ಜರ್ಮನಿಯ ಚಕ್ರವರ್ತಿಯ ಮುಂದೆ ಪ್ರಯೋಗವನ್ನು ಮಾಡಿ ತೋರಿಸಿದನು. ಅದೇ ತಿಂಗಳ 23ರಂದು ವುರ್ಟ್ಸ್‌ಬರ್ಗಿನ ಸಭೆಯಲ್ಲಿ ವೃದ್ಧ ಅಂಗರಚನಾಶಾಸ್ತ್ರಜ್ಞ ಕೋಲಿಕರನ ಕೈಯ ಚಿತ್ರವನ್ನು ತೆಗೆದನು. ಈ ಕಿರಣಗಳಿಗೆ ರಾಂಟ್ಜೆನ್ನನ ಹೆಸರನ್ನೇ ಇಡಬೇಕೆಂದು ಕೋಲಿಕರನು ಸೂಚಿಸಲು ಸಭೆಯೆಲ್ಲ ಜಯಘೋಷ ಮಾಡಿತು. ಆ ಒಂದೇ ವರ್ಷದಲ್ಲಿ ಈ ವಿಷಯವಾಗಿ ಸಾವಿರಕ್ಕೂ ಹೆಚ್ಚು ಲೇಖನಗಳು ಹೊರಬಂದವು. ಕಂಡುಹಿಡಿದವನು ಮಾತ್ರ ತನ್ನ ಜೀವಮಾನದಲ್ಲಿ ಕ್ಷ-ಕಿರಣದ ಬಗ್ಗೆ ಬರೆದುದು ಮೂರೇ ಲೇಖನಗಳನ್ನು.

ಈ ಬೆಳಕು ಭಾರತಕ್ಕೂ ಬೇಗನೆ ಬಂದಿತು. 1897-98ರಲ್ಲಿ ವಾಯವ್ಯ ಗಡಿಯ ತಿರಾಹ್ ಯುದ್ಧದಲ್ಲಿ ಬ್ರಿಟಿಷ್ ಸೇನೆಯ ಬೀವರ್ ಎಂಬ ಶಸ್ತ್ರವೈದ್ಯನು ಕ್ಷ-ಕಿರಣದ ಯಂತ್ರವನ್ನು ಬೆಟ್ಟಗಳ ನಡುವೆ ಸಾಗಿಸಿ, ಸೈನಿಕರ ಮೈಯಲ್ಲಿ ಹೊಕ್ಕ ಗುಂಡುಗಳನ್ನು ಹುಡುಕಿದನು. ಕಲ್ಕತ್ತೆಯಲ್ಲಿ ಜಗದೀಶಚಂದ್ರ ಬೋಸರು ತಾವೇ ಉಪಕರಣವನ್ನು ಜೋಡಿಸಿದರು. ನಮ್ಮ ಮೈಸೂರು ಸೀಮೆಯಲ್ಲಾದರೋ ಆಗ ವಿದ್ಯುಚ್ಛಕ್ತಿಯೇ ಇನ್ನೂ ಬಂದಿರಲಿಲ್ಲ. ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿದುದು 1902ರಲ್ಲಿ. ಶಿವಮೊಗ್ಗ ಜಿಲ್ಲೆಯ ಜೋಗದಲ್ಲಿ ಶರಾವತಿಯು ವಿದ್ಯುತ್ತನ್ನು ಕೊಡತೊಡಗಿದುದು 1948ರಲ್ಲಿ. ಅಲ್ಲಿಯವರೆಗೂ ಮಲೆನಾಡಿನ ಹಳ್ಳಿಗಳಲ್ಲಿ ಮೂಳೆ ಮುರಿದವನಿಗೆ ನಾಟಿವೈದ್ಯನ ಬೆರಳುಗಳೇ ಕಣ್ಣು; ಬಿದಿರಿನ ದಬ್ಬೆಯೇ ಆಧಾರ.

ಇನ್ನು ನಾನು ಹೇಳಬೇಕೆಂದಿದ್ದ ಮುಖ್ಯ ಸಂಗತಿಗೆ ಬರುತ್ತೇನೆ. ಇಷ್ಟು ದೊಡ್ಡ ಶೋಧದ ಹಿಂದೆಯೇ ವ್ಯಾಪಾರಿಗಳು ಬಂದರು. ಬರ್ಲಿನ್ನಿನ ದೊಡ್ಡದೊಂದು ವಿದ್ಯುತ್ ಕಂಪನಿಯವರು ರಾಂಟ್ಜೆನ್ನನಲ್ಲಿಗೆ ತಮ್ಮ ಕಡೆಯವನನ್ನು ಕಳುಹಿಸಿ ಒಪ್ಪಂದಕ್ಕೆ ಆಹ್ವಾನಿಸಿದರು. ಪೇಟೆಂಟ್ ಎಂಬ ಹಕ್ಕುಪತ್ರವನ್ನು ಪಡೆದಿದ್ದರೆ, ಅದನ್ನು ಬಳಸುವ ಕಂಪನಿಗಳೆಲ್ಲ ಅವನಿಗೆ ಕಪ್ಪ ಕೊಡಬೇಕಾಗುತ್ತಿತ್ತು, ಅವನು ಕೋಟ್ಯಧೀಶ್ವರನಾಗಬಹುದಿತ್ತು. ರಾಂಟ್ಜೆನ್ ಒಪ್ಪಲಿಲ್ಲ. ವಿಶ್ವವಿದ್ಯಾನಿಲಯದ ಪ್ರೊಫೆಸರನು ಕಂಡುಹಿಡಿದದ್ದು ಮನುಷ್ಯಕುಲದ ಸೊತ್ತು. ಅದನ್ನು ಒಬ್ಬರ ಹಕ್ಕಿನ ಬೇಲಿಯೊಳಗೆ ಕಟ್ಟಿಹಾಕಬಾರದು ಎಂಬುದು ಅವನ ನಿಲುವಾಗಿತ್ತು. 1901ರಲ್ಲಿ ನೊಬೆಲ್ ಪಾರಿತೋಷಕವು ಹುಟ್ಟಿಕೊಂಡಾಗ ಭೌತವಿಜ್ಞಾನದ ಮೊಟ್ಟಮೊದಲ ಪಾರಿತೋಷಕ ಅವನಿಗೇ ಸಂದಿತು. ಆ ಹಣವನ್ನೂ ವುರ್ಟ್ಸ್‌ಬರ್ಗ್ ವಿಶ್ವವಿದ್ಯಾನಿಲಯದ ಸಂಶೋಧನೆಗೆಂದು ಬಿಟ್ಟುಕೊಟ್ಟನು. ಹೆಸರಿನ ಮುಂದೆ ಕುಲೀನತೆಯ ಬಿರುದು ಹಚ್ಚಿಕೊಳ್ಳುವಂತೆ ಅರಸುಮನೆಯಿಂದ ಬಂದ ಮರ್ಯಾದೆಯನ್ನೂ ಒಲ್ಲೆನೆಂದನು.

ಬಿಟ್ಟುಕೊಟ್ಟವನಿಗೆ ಲೋಕವು ಏನನ್ನು ಕೊಟ್ಟಿತು? 1900ರಲ್ಲಿ ಅವನು ಮ್ಯೂನಿಚ್ ವಿಶ್ವವಿದ್ಯಾನಿಲಯಕ್ಕೆ ಹೋದನು. ಮೊದಲ ಮಹಾಯುದ್ಧ ಬಂದಿತು. 1914ರಲ್ಲಿ ಜರ್ಮನಿಯ ತೊಂಬತ್ತಮೂರು ಮಂದಿ ವಿದ್ವಾಂಸರು ತಮ್ಮ ದೇಶದ ಯುದ್ಧನೀತಿಯನ್ನು ಸಮರ್ಥಿಸಿ ಹೊರಡಿಸಿದ ಪ್ರಕಟಣೆಗೆ ಅವನೂ ಸಹಿ ಹಾಕಿದನು. ಮುಂದೆ ಅದಕ್ಕಾಗಿ ಪಶ್ಚಾತ್ತಾಪಪಟ್ಟನು. ದೊಡ್ಡವರ ಬಾಳಿನಲ್ಲಿಯೂ ಕಲೆಗಳಿರುತ್ತವೆ. ಅವನ್ನು ಮುಚ್ಚಿಡುವುದು ಚರಿತ್ರೆಯಲ್ಲ. ದೀರ್ಘಕಾಲ ಕಾಯಿಲೆಯಿಂದ ನರಳಿದ ಬರ್ತಾ 1919ರಲ್ಲಿ ತೀರಿಕೊಂಡಳು. ಯುದ್ಧಾನಂತರ ಜರ್ಮನಿಯ ಹಣದ ಬೆಲೆ ಮಣ್ಣುಪಾಲಾಯಿತು. 1923ರ ನವೆಂಬರಿನಲ್ಲಿ ಒಂದು ಡಾಲರಿಗೆ 4.2 ಲಕ್ಷ ಕೋಟಿ ಮಾರ್ಕ್ ಎಂಬ ಸ್ಥಿತಿ ಬಂದುದನ್ನು ನೆನೆದರೆ ಆ ಕುಸಿತದ ಆಳ ತಿಳಿಯುತ್ತದೆ. ಆ ಅಂತಿಮ ಸ್ಥಿತಿಯನ್ನು ನೋಡಲು ರಾಂಟ್ಜೆನ್ ಇರಲಿಲ್ಲ. ಆದರೆ ಅವನ ಉಳಿತಾಯವನ್ನು ಕರಗಿಸಲು ಅದರ ಹಿಂದಿನ ವರ್ಷಗಳೇ ಸಾಕಾದವು. ಪ್ರತಿ ಆಸ್ಪತ್ರೆಯೂ ಯಾರ ಶೋಧವನ್ನು ಬಳಸುತ್ತಿತ್ತೋ ಅವನು ತನ್ನ ಮುಪ್ಪಿನಲ್ಲಿ ಖರ್ಚಿಗೆ ಕೈ ಬಿಗಿಹಿಡಿಯಬೇಕಾಯಿತು. 1923ರ ಫೆಬ್ರವರಿ 10ರಂದು ಕರುಳಿನ ಕ್ಯಾನ್ಸರಿನಿಂದ ಮ್ಯೂನಿಚ್ಚಿನಲ್ಲಿ ಕಣ್ಮುಚ್ಚಿದನು. ಗೀಸನ್ನಿನ ಹಳೆಯ ರುದ್ರಭೂಮಿಯಲ್ಲಿ ಅವನ ಸಮಾಧಿಯಿದೆ. ಅದೇ ವರ್ಷದ ಜನವರಿಯಲ್ಲಿ ನಮ್ಮ ಭದ್ರಾವತಿಯಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆಯ ಕುಲುಮೆ ಹೊತ್ತಿಕೊಂಡಿತ್ತು.

ಕ್ಷ-ಕಿರಣಕ್ಕಾಗಿ ಬೆಲೆ ತೆತ್ತವರು ಇನ್ನೂ ಇದ್ದಾರೆ. ರಾಂಟ್ಜೆನ್ ತನ್ನ ಪ್ರಯೋಗಗಳನ್ನು ಲೋಹದ ಪೆಟ್ಟಿಗೆಯ ಮರೆಯಲ್ಲಿ ಮಾಡಿದ್ದರಿಂದ ಕಿರಣದ ಸುಡುವಿಕೆಯಿಂದ ಪಾರಾದನು. ಅವನ ಹಿಂದೆ ಬಂದವರಿಗೆ ಅಂತಹ ಎಚ್ಚರಿಕೆ ಇರಲಿಲ್ಲ. ಅಮೆರಿಕದಲ್ಲಿ ಎಡಿಸನ್ನನ ಸಹಾಯಕ ಕ್ಲಾರೆನ್ಸ್ ಡ್ಯಾಲಿ ಎಂಬುವನು ಮತ್ತೆ ಮತ್ತೆ ತನ್ನ ಕೈಯನ್ನೇ ಕಿರಣಕ್ಕೆ ಒಡ್ಡಿ, ತೋಳುಗಳನ್ನು ಕಳೆದುಕೊಂಡು, 1904ರಲ್ಲಿ ಸತ್ತನು. ಹೀಗೆ ಪ್ರಾಣ ತೆತ್ತ ವೈದ್ಯರು, ದಾದಿಯರು, ತಂತ್ರಜ್ಞರ ನೆನಪಿಗೆ 1936ರಲ್ಲಿ ಜರ್ಮನಿಯ ಹ್ಯಾಂಬರ್ಗ್ ನಗರದ ಆಸ್ಪತ್ರೆಯ ಆವರಣದಲ್ಲಿ ಒಂದು ಕಲ್ಲನ್ನು ನಿಲ್ಲಿಸಿದರು. ಅದರ ಮೇಲೆ ಮೊದಲಿಗೇ 169 ಹೆಸರುಗಳನ್ನು ಕೆತ್ತಲಾಯಿತು. ಇಂದು ಚಿತ್ರ ತೆಗೆಯುವವನು ಗೋಡೆಯ ಆಚೆ ನಿಲ್ಲುವುದೂ ಸೀಸದ ನಿಲುವಂಗಿಯನ್ನು ತೊಡುವುದೂ ಆ ಹೆಸರುಗಳು ಕಲಿಸಿದ ಪಾಠ. ಕಾಲು ಗಂಟೆ ಬೇಕಾಗಿದ್ದ ಚಿತ್ರ ಈಗ ಕ್ಷಣದ ಒಂದು ಭಾಗದಲ್ಲಿ ಮುಗಿಯುತ್ತದೆ.

ಹಾಗಾದರೆ ನಾವು ಇಂದು ಕೊಡುವ ಹಣ ಯಾವುದಕ್ಕೆ? ನನ್ನ ನೆರೆಮನೆಯಲ್ಲಿ ಭದ್ರಾವತಿಯ ಒಂದು ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಹಿರಿಯರೊಬ್ಬರು ಇದ್ದಾರೆ. ಕೆಮ್ಮು ಬಿಡದೆ ಕಾಡಿದರೂ ಖರ್ಚಿಗೆ ಹೆದರಿ ಎರಡು ತಿಂಗಳು ಎದೆಯ ಚಿತ್ರ ತೆಗೆಸಿರಲಿಲ್ಲ. ಕೊನೆಗೊಂದು ದಿನ ನಾನೇ ಜೊತೆಗೆ ಹೋದೆ. ಒಂದು ಕಡೆ ಹಣ ಕೊಟ್ಟು ಚಿತ್ರ ತೆಗೆಸಿದ್ದಾಯಿತು. ವಾರದೊಳಗೆ ಇನ್ನೊಂದು ಕಡೆಗೆ ಹೋದಾಗ ಆ ಚಿತ್ರವನ್ನು ಬೆಳಕಿಗೆ ಹಿಡಿದೂ ನೋಡದೆ, ನಮ್ಮಲ್ಲಿಯೇ ಬೇರೊಂದನ್ನು ತೆಗೆಸಿರೆಂದರು. ಅಲ್ಲಿನ ದರ ಮೊದಲಿನದರ ಸುಮಾರು ಎರಡರಷ್ಟು. ಎದೆ ಅದೇ, ಕಿರಣ ಅದೇ. ಎರಡು ಚಿತ್ರಗಳನ್ನೂ ಮನೆಯ ಕಿಟಕಿಯ ಬೆಳಕಿಗೆ ಹಿಡಿದು ನೋಡಿದ ಆ ಹಿರಿಯರು, ಈ ಬೆಳಕನ್ನು ಕಂಡುಹಿಡಿದವನ ಮನೆಯವರಿಗೆ ಇದರಲ್ಲಿ ಎಷ್ಟು ಪಾಲು ಹೋಗುತ್ತದೆ ಮೇಷ್ಟ್ರೇ ಎಂದು ನನ್ನನ್ನು ಕೇಳಿದರು. ಒಂದು ಕಾಸೂ ಹೋಗುವುದಿಲ್ಲವೆಂದು ಹೇಳಿದಾಗ ಅವರು ನಂಬಲಿಲ್ಲ. ಅದೃಷ್ಟವಶಾತ್ ಅವರ ಕಾಯಿಲೆ ಔಷಧಕ್ಕೆ ಬಗ್ಗಿತು; ಆದರೆ ಹೆದರಿಕೆಯಲ್ಲಿ ಕಳೆದ ಆ ಎರಡು ತಿಂಗಳು ಎಂತಹವನಿಗೂ ಬೇಡ.

ಆ ಪ್ರಶ್ನೆಯನ್ನು ನಾನು ಬಿಡಿಸಿ ನೋಡಿದ್ದೇನೆ. ಚಿತ್ರದ ದರದಲ್ಲಿ ಮೊದಲನೆಯದು ಯಂತ್ರದ ಪಾಲು. ಕಿರಣ ಹುಟ್ಟುವ ಕೊಳವೆಯೊಳಗೆ ಕೊಡುವ ಶಕ್ತಿಯಲ್ಲಿ ನೂರಕ್ಕೆ ಸುಮಾರು ತೊಂಬತ್ತೊಂಬತ್ತು ಪಾಲು ಬರಿಯ ಶಾಖವಾಗಿ ಹೋಗುತ್ತದೆ. ಕಿರಣವಾಗುವುದು ಒಂದು ಪಾಲು. ಆ ಶಾಖವನ್ನು ತಾಳಲೆಂದೇ ಅಲ್ಲಿ ಟಂಗ್‌ಸ್ಟನ್ ಲೋಹವನ್ನು ಇಡುತ್ತಾರೆ. ಆದರೂ ಕೊಳವೆ ಸವೆಯುತ್ತದೆ, ಬದಲಾಯಿಸಬೇಕಾಗುತ್ತದೆ. 1913ರಲ್ಲಿ ಅಮೆರಿಕದ ಕೂಲಿಡ್ಜ್ ಎಂಬುವನು ಉತ್ತಮವಾದ ಕೊಳವೆಯನ್ನು ರೂಪಿಸಿದಾಗ ಅದಕ್ಕೆ ಪೇಟೆಂಟ್ ಪಡೆಯಲಾಯಿತು. ಕಿರಣಕ್ಕೆ ಒಡೆಯನಿರಲಿಲ್ಲ, ಕೊಳವೆಗೆ ಒಡೆಯರು ಬಂದರು. ಎರಡನೆಯದು ಚಿತ್ರ ಮೂಡುವ ವಸ್ತು. ಹಿಂದೆ ಬೆಳ್ಳಿಯ ಲವಣ ಲೇಪಿಸಿದ ಫಿಲ್ಮು. ಈಗ ಬಹಳ ಕಡೆ ಗಣಕಯಂತ್ರದಲ್ಲಿ ಚಿತ್ರ ಮೂಡಿಸುವ ಡಿಜಿಟಲ್ ಫಲಕ. ಮೂರನೆಯದು ಚಿತ್ರ ತೆಗೆಯುವ ತಂತ್ರಜ್ಞನ ಸಂಬಳ. ನಾಲ್ಕನೆಯದು ಚಿತ್ರವನ್ನು ಓದಿ ಹೇಳುವ ವೈದ್ಯನ ವಿದ್ಯೆ. ಮತ್ತೆ ವಿದ್ಯುತ್ತು, ಕಟ್ಟಡ, ಕಿರಣದಿಂದ ರಕ್ಷಣೆ, ಪರಮಾಣುಶಕ್ತಿ ನಿಯಂತ್ರಣ ಮಂಡಳಿಯ ಪರವಾನಗಿ. ಇವೆಲ್ಲವೂ ನ್ಯಾಯವಾದ ಖರ್ಚುಗಳೇ. ಇವುಗಳಿಗೆ ಹಣ ಕೊಡಲೇಬೇಕು.

ಇವಲ್ಲದೆ ಇನ್ನೊಂದು ಪಾಲು ಇರಬಹುದು. ರೋಗಿಯನ್ನು ಕಳುಹಿಸಿದವನಿಗೆ ಸಲ್ಲುವ ಕಮಿಷನ್ ಅದು. 2002ರ ವೈದ್ಯಕೀಯ ನೀತಿಸಂಹಿತೆಯು ವೈದ್ಯನು ಇಂತಹ ಕಮಿಷನ್ ಪಡೆಯುವುದನ್ನೂ ಕೊಡುವುದನ್ನೂ ನಿಷೇಧಿಸಿದೆ. ನಮ್ಮ ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ 2007ರ ಕಾಯಿದೆಯು ಪ್ರತಿಯೊಂದು ಸಂಸ್ಥೆಯೂ ತನ್ನ ದರಗಳನ್ನು ರೋಗಿಗಳಿಗೆ ಕಾಣುವಂತೆ ಪ್ರಕಟಿಸಬೇಕೆಂದು ವಿಧಿಸಿದೆ. ದರಗಳಿಗೆ ಸರ್ಕಾರವೇ ಮಿತಿ ಹಾಕಬೇಕೆಂಬ ತಿದ್ದುಪಡಿ 2017ರಲ್ಲಿ ಬಂದಾಗ ಆ ವರ್ಷದ ನವೆಂಬರಿನಲ್ಲಿ ರಾಜ್ಯದ ಖಾಸಗಿ ವೈದ್ಯರು ಮುಷ್ಕರ ಹೂಡಿದರು. ತಿದ್ದುಪಡಿಯನ್ನು ಬಹಳ ಮಟ್ಟಿಗೆ ಸಡಿಲಿಸಬೇಕಾಯಿತು. ವೈದ್ಯರ ವಾದದಲ್ಲಿಯೂ ತಿರುಳಿಲ್ಲದಿರಲಿಲ್ಲ. ಸಾಲ ಮಾಡಿ ಯಂತ್ರ ಕೊಂಡ ಸಣ್ಣ ಊರಿನ ವೈದ್ಯನ ಖರ್ಚೂ ರಾಜಧಾನಿಯ ದೊಡ್ಡ ಆಸ್ಪತ್ರೆಯ ಖರ್ಚೂ ಒಂದೇ ಅಲ್ಲ. ಆದರೆ ದರವನ್ನು ಗೋಡೆಯ ಮೇಲೆ ಬರೆದು ತೂಗುಹಾಕುವುದಕ್ಕೆ ಯಾವ ಖರ್ಚೂ ತಗಲದು. ಹಲಗೆಯನ್ನು ಓದಿದ ರೋಗಿಯು ಎರಡು ಕಡೆ ವಿಚಾರಿಸಿ, ತನ್ನ ಕೈಲಾದ ಕಡೆಗೆ ಹೋಗಬಲ್ಲನು.

ಬಡವನಿಗೆ ಆಧಾರವಾಗಿ ಸರ್ಕಾರಿ ಆಸ್ಪತ್ರೆಯಿದೆ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ಈಗ ವೈದ್ಯಕೀಯ ಕಾಲೇಜಿಗೆ ಸೇರಿದ ದೊಡ್ಡ ಆಸ್ಪತ್ರೆಯಾಗಿದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಚಿತ್ರಕ್ಕೆ ಕೊಡಬೇಕಾದ ಹಣ ಹೊರಗಿನದಕ್ಕಿಂತ ಬಹಳ ಕಡಿಮೆ. ಕ್ಷಯದ ಶಂಕೆಯಿದ್ದವರಿಗೆ ಸರ್ಕಾರದ ಕ್ಷಯನಿರ್ಮೂಲನ ಕಾರ್ಯಕ್ರಮದಲ್ಲಿ ಪರೀಕ್ಷೆ ಉಚಿತ. ಆದರೂ ಹಳ್ಳಿಯವನು ತೆರುವ ಬೆಲೆಯ ಲೆಕ್ಕ ಆಸ್ಪತ್ರೆಯ ರಸೀತಿಯಲ್ಲಿ ಪೂರ್ತಿ ಬರುವುದಿಲ್ಲ. ಅವನ ಬಸ್ ಚಾರ್ಜು, ಜೊತೆಗೆ ಬಂದವನ ಬಸ್ ಚಾರ್ಜು, ಇಬ್ಬರ ಒಂದು ದಿನದ ಕೂಲಿ, ಸಾಲಿನಲ್ಲಿ ನಿಂತು ಹೊತ್ತು ಮೀರಿದರೆ ಮರುದಿನದ ಕೂಲಿಯೂ ಅದಕ್ಕೆ ಸೇರಬೇಕು. ತಾಲ್ಲೂಕಿನ ಆಸ್ಪತ್ರೆಯಲ್ಲಿ ಯಂತ್ರವೂ ಅದನ್ನು ನಡೆಸುವವನೂ ಇಬ್ಬರೂ ಇದ್ದ ದಿನ ಈ ಬೆಲೆ ಅರ್ಧಕ್ಕೆ ಇಳಿಯುತ್ತದೆ. ಯಂತ್ರವಿದ್ದು ನಡೆಸುವವನಿಲ್ಲದಿದ್ದರೆ ಅವನು ಮತ್ತೆ ಬಸ್ಸು ಹತ್ತುತ್ತಾನೆ.

ರಾಂಟ್ಜೆನ್ನನ ಬಾಳಿನಿಂದ ನಾನು ತಿಳಿದುಕೊಂಡದ್ದು ಇಷ್ಟು. ಕ್ಷ-ಕಿರಣದ ಬೆಲೆಯಲ್ಲಿ ಕಿರಣದ ಬೆಲೆಯೆಂಬುದು ಇಲ್ಲವೇ ಇಲ್ಲ. ಅದನ್ನು ಕಂಡವನು ಕೈಯಾರೆ ಬಿಟ್ಟುಕೊಟ್ಟನು. ಉಳಿದುದೆಲ್ಲವೂ ಮನುಷ್ಯರು ಗೊತ್ತುಮಾಡಿದ ಬೆಲೆ. ಮನುಷ್ಯರು ಗೊತ್ತುಮಾಡಿದ್ದನ್ನು ಮನುಷ್ಯರು ಕೇಳಬಹುದು, ಲೆಕ್ಕ ಹಾಕಬಹುದು, ತಗ್ಗಿಸಲೂಬಹುದು. ದರವನ್ನು ಕೇಳುವುದು ವೈದ್ಯನಿಗೆ ಮಾಡುವ ಅವಮಾನವೆಂದು ನಮ್ಮ ಜನ ನಾಚುತ್ತಾರೆ. ತರಕಾರಿಗೆ ಚೌಕಾಸಿ ಮಾಡುವವರು ಆಸ್ಪತ್ರೆಯ ಕಟಕಟೆಯ ಮುಂದೆ ಮೂಕರಾಗುತ್ತಾರೆ. ಆ ನಾಚಿಕೆ ಬಿಡಬೇಕು. ತೆಗೆಸಿದ ಚಿತ್ರ ರೋಗಿಯದು. ಅದನ್ನು ಜೋಪಾನವಾಗಿ ಇಟ್ಟುಕೊಂಡು, ಮತ್ತೊಬ್ಬ ವೈದ್ಯರ ಬಳಿಗೆ ಹೋದಾಗ ಇದನ್ನು ನೋಡಿದರೆ ಸಾಲದೇ ಎಂದು ವಿನಯದಿಂದ ಕೇಳಬೇಕು. ಹೊಸದು ಬೇಕೆಂದರೆ ಏಕೆ ಬೇಕೆಂಬುದನ್ನು ಕೇಳಿ ತಿಳಿಯಬೇಕು. ಕಾಯಿಲೆ ಮುಂದುವರಿದಾಗ ಹೊಸ ಚಿತ್ರ ಬೇಕಾಗುವುದೂ ಉಂಟು; ಬೇಡದೆ ತೆಗೆಸಿದ್ದು ಹಣಕ್ಕೂ ನಷ್ಟ, ಮೈಗೂ ಹಿತವಲ್ಲ.

ನಮ್ಮದು ಕಲಾ ಕಾಲೇಜು. ಇಲ್ಲಿಂದ ಹೊರಡುವವರಲ್ಲಿ ಕ್ಷ-ಕಿರಣದ ಯಂತ್ರವನ್ನು ಮುಟ್ಟುವವರು ವಿರಳ. ಆದರೆ ನಿಮ್ಮಲ್ಲಿ ಕೆಲವರು ತಾಲ್ಲೂಕು ಕಚೇರಿಯಲ್ಲಿ, ಪಂಚಾಯತಿಯಲ್ಲಿ, ಆಸ್ಪತ್ರೆಯ ಲೆಕ್ಕದ ವಿಭಾಗದಲ್ಲಿ ಕುಳಿತುಕೊಳ್ಳುವಿರಿ. ತಂತ್ರಜ್ಞನ ಹುದ್ದೆ ಖಾಲಿಯಿದೆ ಎಂಬ ಕಾಗದ ನಿಮ್ಮ ಮೇಜಿನ ಮೇಲೆ ಬರಬಹುದು. ದರದ ಹಲಗೆಯನ್ನು ಎಲ್ಲಿ ತೂಗುಹಾಕಬೇಕೆಂದು ಯಾರಾದರೂ ನಿಮ್ಮನ್ನು ಕೇಳಬಹುದು. ಆ ಕಾಗದವನ್ನು ಅಂದೇ ಮುಂದಕ್ಕೆ ಕಳುಹಿಸಿರಿ. ಆ ಹಲಗೆಯನ್ನು ಓದು ಬಾರದವರಿಗೆ ಯಾರಾದರೂ ಓದಿ ಹೇಳುವಂತೆ ಬಾಗಿಲ ಎದುರಿಗೇ ತೂಗುಹಾಕಿಸಿರಿ.